ದವಡೆ ಹಲ್ಲು ಕಿತ್ತ ದಿನವೇ ಇಂಪ್ಲಾಂಟ್: ಒಪ್ಪಿಕೊಳ್ಳುವ ಮುನ್ನ ಮತ್ತು ಆನಂತರ

ದವಡೆ ಹಲ್ಲನ್ನು ಇನ್ನು ಉಳಿಸಿಕೊಳ್ಳಲಾಗದು ಎಂದು ಖಚಿತವಾದ ಮೇಲೆ ಮುಂಬಯಿಯ ದಂತವೈದ್ಯರ ಮುಂದೆ ಬರುವ ಪ್ರಶ್ನೆ ಬಹುತೇಕ ಒಂದೇ ಬಗೆಯದು: ಕೀಳುವ ದಿನವೇ ಇಂಪ್ಲಾಂಟನ್ನೂ ಹಾಕಿ ಮುಗಿಸಬಹುದೇ? ಡೊಂಬಿವಲಿಯಿಂದ ಫೋರ್ಟಿಗೆ ದಿನವೂ ಲೋಕಲ್ ಹಿಡಿಯುವವರಿಗೆ, ಹೋಟೆಲಿನ ಗಲ್ಲಾ ಬಿಟ್ಟು ಅರ್ಧ ದಿನ ಹೊರಗೆ ಬರಲಾಗದವರಿಗೆ ಒಂದು ಶಸ್ತ್ರಚಿಕಿತ್ಸೆ ಕಡಿಮೆಯಾಗುವುದು ಸಣ್ಣ ಅನುಕೂಲವೇನಲ್ಲ. ಹಾಕಬಹುದು. ಆದರೆ ಅದು ಮುಂಗಡವಾಗಿ ಮಾತು ಕೊಡುವ ಸಂಗತಿಯಲ್ಲ. ಹಲ್ಲು ಹೊರಬಂದು, ಬರಿದಾದ ಕುಳಿಯನ್ನು ವೈದ್ಯರು ಕಣ್ಣಾರೆ ಕಂಡ ಮೇಲಷ್ಟೇ ತೀರ್ಮಾನವಾಗಬೇಕಾದದ್ದು. ಆದ್ದರಿಂದ ರೋಗಿಯಾಗಿ ನೀವು ಮಾಡಿಕೊಳ್ಳಬೇಕಾದ ಸಿದ್ಧತೆಯೆಲ್ಲ, ಆ ದಿನ ಎರಡರಲ್ಲಿ ಯಾವುದು ನಡೆದರೂ ನಿಮಗೆ ನಷ್ಟವಾಗದಂತೆ ನೋಡಿಕೊಳ್ಳುವುದೇ ಆಗಿದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅದೇ ದಿನ ಇಂಪ್ಲಾಂಟ್ ಹಾಕುವುದೆಂದರೆ ಅದೇ ದಿನ ಅಗಿಯುವ ಹಲ್ಲು ಸಿಗುತ್ತದೆ ಎಂದರ್ಥವಲ್ಲ. ಇಂಪ್ಲಾಂಟ್ ಎನ್ನುವುದು ಎಲುಬಿನೊಳಗೆ ಕೂರುವ ಟೈಟೇನಿಯಂ ತಿರುಪು; ಅದರ ಮೇಲೆ ಬರುವ ಕ್ಯಾಪ್ ಬೇರೆ. ಮುಂದಿನ ಹಲ್ಲುಗಳಲ್ಲಿ ಕೆಲವೊಮ್ಮೆ ತಾತ್ಕಾಲಿಕ ಹಲ್ಲನ್ನು ಅಂದೇ ಕೂರಿಸುತ್ತಾರೆ, ಏಕೆಂದರೆ ಅಲ್ಲಿ ನೋಟದ ಪ್ರಶ್ನೆಯಿದೆ. ಹಿಂದಿನ ದವಡೆಯಲ್ಲಿ ಅಗಿತದ ಒತ್ತಡ ಹೆಚ್ಚು, ಖಾಲಿ ಜಾಗ ಹೊರಗೆ ಕಾಣುವುದೂ ಕಡಿಮೆ. ಆದ್ದರಿಂದ ತಿರುಪನ್ನು ಕೂರಿಸಿ, ಮೇಲೊಂದು ಹೀಲಿಂಗ್ ಕ್ಯಾಪ್, ಅಂದರೆ ಒಸಡು ಮಾಗುವವರೆಗಿನ ಮುಚ್ಚಳ, ಹಾಕಿ, ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಎಲುಬು ಮೆತ್ತಗಿರುವ ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಕಾಯುವುದೇ ವಾಡಿಕೆ. ಜಾಹೀರಾತುಗಳಲ್ಲಿ ಕಾಣುವ 'ಒಂದೇ ದಿನದಲ್ಲಿ ಹಲ್ಲು' ಎಂಬ ಮಾತು ಒಂಟಿ ದವಡೆ ಹಲ್ಲಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ.

ಇನ್ನೊಂದು ನಂಬಿಕೆಯನ್ನೂ ಸರಿಪಡಿಸಬೇಕಾಗಿದೆ. ಕೂಡಲೇ ಇಂಪ್ಲಾಂಟ್ ಹಾಕಿದರೆ ಎಲುಬು ಕರಗುವುದಿಲ್ಲ ಎಂದು ಅನೇಕರು ಹೇಳುತ್ತಾರೆ. ಹಲ್ಲು ಕಿತ್ತ ಜಾಗದ ಎಲುಬು ಮೊದಲ ವರ್ಷದಲ್ಲಿ ಅಗಲದಲ್ಲಿ ಸುಮಾರು ಅರ್ಧದಷ್ಟು ಕುಗ್ಗುತ್ತದೆ, ಆ ಕುಗ್ಗುವಿಕೆಯ ಮೂರರಲ್ಲಿ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಆಗುತ್ತದೆ ಎಂಬುದನ್ನು 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಅಳೆದು ತೋರಿಸಿತು. ಕುಳಿಯೊಳಗೆ ಇಂಪ್ಲಾಂಟ್ ಇದ್ದ ಮಾತ್ರಕ್ಕೆ ಈ ಕುಗ್ಗುವಿಕೆ ನಿಲ್ಲುವುದಿಲ್ಲವೆಂದು ಆಮೇಲಿನ ಸಂಶೋಧನೆಗಳು ಹೇಳಿವೆ. ಸುತ್ತಲಿನ ಸಂದಿಗೆ ಗ್ರಾಫ್ಟ್, ಅಂದರೆ ಎಲುಬಿನ ಬದಲಿಗೆ ಬಳಸುವ ಪುಡಿ, ತುಂಬಿದರೆ ಅದು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ, ಅಷ್ಟೇ. ಹಾಗಾಗಿ ಅದೇ ದಿನ ಹಾಕಿಸಿಕೊಳ್ಳುವುದರ ನಿಜವಾದ ಲಾಭ ಎರಡು: ಒಂದು ಶಸ್ತ್ರಚಿಕಿತ್ಸೆ ಉಳಿಯುತ್ತದೆ, ಕೆಲವು ತಿಂಗಳು ಉಳಿಯುತ್ತವೆ.

ಕಾಯುವ ದಾರಿಗೂ ಅದರದೇ ಗೌರವವಿದೆ. 1965ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ತಮ್ಮ ಮೊದಲ ರೋಗಿಗೆ ಟೈಟೇನಿಯಂ ಇಂಪ್ಲಾಂಟ್ ಹಾಕಿದರು; ಅವರ ಪದ್ಧತಿಯಲ್ಲಿ ಹಲ್ಲು ಕಿತ್ತ ಗಾಯ ಮಾಗುವವರೆಗೆ ಕಾಯುವುದು, ಇಂಪ್ಲಾಂಟನ್ನು ಒಸಡಿನ ಕೆಳಗೆ ಮುಚ್ಚಿ ಮತ್ತೆ ತಿಂಗಳುಗಟ್ಟಲೆ ಕಾಯುವುದು ನಿಯಮವಾಗಿತ್ತು. ಇಂದು ವೈದ್ಯರ ಮುಂದೆ ನಾಲ್ಕು ಹೊತ್ತುಗಳಿವೆ: ಕಿತ್ತ ದಿನವೇ, ಒಸಡು ಮಾಗಿದ ಮೇಲೆ, ಅಂದರೆ ನಾಲ್ಕರಿಂದ ಎಂಟು ವಾರಕ್ಕೆ, ಎಲುಬು ಅರ್ಧಂಬರ್ಧ ತುಂಬಿದ ಮೇಲೆ, ಹನ್ನೆರಡರಿಂದ ಹದಿನಾರು ವಾರಕ್ಕೆ, ಪೂರ್ತಿ ಮಾಗಿದ ಮೇಲೆ, ಆರು ತಿಂಗಳು ಕಳೆದು. ನಿಮ್ಮ ವೈದ್ಯರು ಎರಡನೆಯದನ್ನೋ ಮೂರನೆಯದನ್ನೋ ಸೂಚಿಸಿದರೆ ಅವರಿಗೆ ಹೊಸ ವಿಧಾನ ತಿಳಿಯದು ಎಂದುಕೊಳ್ಳಬೇಡಿ.

ಕುರ್ಚಿ ಏರುವ ಮೊದಲು

ಹಲ್ಲು ನಿಜವಾಗಿಯೂ ಹೋಗಲೇಬೇಕೇ ಎಂಬುದನ್ನು ಮೊದಲು ಕೇಳಿ. ಹಳೆಯ ರೂಟ್ ಕೆನಾಲ್ ಕೆಟ್ಟಿದ್ದರೆ ಅದನ್ನು ಮತ್ತೊಮ್ಮೆ ಮಾಡಿ ಹಲ್ಲನ್ನು ಉಳಿಸುವ ಸಾಧ್ಯತೆ ಅನೇಕ ಬಾರಿ ಇರುತ್ತದೆ. ಬೇರು ಉದ್ದಕ್ಕೆ ಸೀಳಿದ್ದರೆ, ಹುಳುಕು ಎಲುಬಿನ ಮಟ್ಟಕ್ಕಿಂತ ಕೆಳಗಿಳಿದಿದ್ದರೆ, ಒಸಡಿನ ಕಾಯಿಲೆಯಿಂದ ಹಲ್ಲು ಎಲ್ಲ ದಿಕ್ಕಿಗೂ ಅಲುಗಾಡುತ್ತಿದ್ದರೆ ಮಾತು ಬೇರೆ. ಹಾಗೆಯೇ ಆ ಜಾಗಕ್ಕೆ ಹಲ್ಲು ಬೇಕೇ ಬೇಕೇ ಎಂಬುದನ್ನೂ ಕೇಳಬೇಕು. ಎದುರು ದವಡೆಯಲ್ಲಿ ಜೋಡಿ ಹಲ್ಲೇ ಇಲ್ಲದ ಕೊನೆಯ ದವಡೆ ಹಲ್ಲಿಗೆ ಇಂಪ್ಲಾಂಟ್ ಹಾಕಿಸಿ ದುಡ್ಡು ಖರ್ಚು ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಬುದ್ಧಿಹಲ್ಲಿನ ಜಾಗಕ್ಕಂತೂ ಬೇಕಿಲ್ಲ.

ಆರೋಗ್ಯದ ವಿಷಯದಲ್ಲಿ ಮುಚ್ಚುಮರೆ ಬೇಡ. ಸಕ್ಕರೆ ಕಾಯಿಲೆಯಿದ್ದರೆ ಇತ್ತೀಚಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ವರದಿಯನ್ನು ಕೊಂಡೊಯ್ಯಿರಿ. ಅದು ಹತೋಟಿಯಲ್ಲಿರುವಾಗ ಇಂಪ್ಲಾಂಟಿಗೆ ಅಡ್ಡಿಯಿಲ್ಲ, ತಪ್ಪಿದ್ದಾಗ ಮೊದಲು ಅದನ್ನು ಸರಿಪಡಿಸಿಕೊಳ್ಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಎಲುಬು ಸವೆತಕ್ಕೆಂದು ವಾರಕ್ಕೊಮ್ಮೆ ಆಲೆಂಡ್ರೊನೇಟ್ ಮಾತ್ರೆ ನುಂಗುವ ತಾಯಂದಿರು ಅದನ್ನು ಔಷಧವೆಂದೇ ಎಣಿಸದೆ ಹೇಳಲು ಮರೆಯುತ್ತಾರೆ. ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಮ್ಲದ ಡ್ರಿಪ್, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದು ಇವನ್ನೂ ಹೇಳಲೇಬೇಕು, ಏಕೆಂದರೆ ಇವುಗಳಿಂದ ಹಲ್ಲು ಕಿತ್ತ ಗಾಯ ಮಾಗದೆ ದವಡೆಯ ಎಲುಬೇ ಸಾಯುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ವೈದ್ಯರು ಮತ್ತು ದಂತವೈದ್ಯರು ಮಾತಾಡಿಕೊಂಡು ತೀರ್ಮಾನಿಸಲಿ.

ತಂಬಾಕು ಮತ್ತು ಅಡಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧವಿದ್ದರೂ ಅದರ ಬದಲಿ ಪೊಟ್ಟಣಗಳಿಗೆ ಬರವಿಲ್ಲ, ಊರಿನಿಂದ ಬಂದ ಅಡಿಕೆಯಂತೂ ಮನೆಯಲ್ಲೇ ಇರುತ್ತದೆ. ಹೊಗೆ ಮತ್ತು ತಂಬಾಕು ಗಾಯಕ್ಕೆ ರಕ್ತ ಹರಿಯುವುದನ್ನು ಕುಗ್ಗಿಸಿ ಇಂಪ್ಲಾಂಟ್ ಎಲುಬಿಗೆ ಬೆಸೆಯುವುದನ್ನು ಕೆಡಿಸುತ್ತವೆ. ಅಡಿಕೆಯ ಹಾನಿ ಬೇರೆಯದು: ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ಬಿಳಿಚಿ ಗಡುಸಾಗುತ್ತದೆ, ಬಾಯಿ ಸಣ್ಣದಾಗುತ್ತ ಬರುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋಗದಿದ್ದರೆ ಹಿಂದಿನ ಹಲ್ಲಿನ ಇಂಪ್ಲಾಂಟ್ ಕಷ್ಟ, ಏಕೆಂದರೆ ಡ್ರಿಲ್ಲಿನ ಉದ್ದ ಮತ್ತು ಅದನ್ನು ಹಿಡಿಯುವ ಉಪಕರಣದ ತಲೆ ಎರಡೂ ಸೇರಿ ದವಡೆಗಳ ನಡುವೆ ನೆಟ್ಟಗೆ ನಿಲ್ಲಬೇಕು. ಅಂತಹ ಬಾಯಿಗೆ ಇಂಪ್ಲಾಂಟಿಗಿಂತ ಮೊದಲು ಬೇರೆ ತಪಾಸಣೆಯೇ ಬೇಕು. ಆ ಸ್ಥಿತಿ ಕ್ಯಾನ್ಸರಿಗೆ ತಿರುಗುವ ಸಂಭವವಿದೆ.

ಸ್ಕ್ಯಾನ್ ನೋಡುವುದು

ಚಿಕ್ಕ ಎಕ್ಸ್-ರೇ ಮಾತ್ರ ನೋಡಿ ದವಡೆ ಹಲ್ಲಿಗೆ ಅದೇ ದಿನದ ಇಂಪ್ಲಾಂಟ್ ನಿಗದಿಪಡಿಸುವುದನ್ನು ನಾನು ಒಪ್ಪುವುದಿಲ್ಲ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸಿ, ವರದಿಯ ಕಾಗದವನ್ನಷ್ಟೇ ಪಡೆಯದೆ ಪರದೆಯ ಮೇಲೆ ಅದನ್ನು ತೋರಿಸುವಂತೆ ವೈದ್ಯರನ್ನು ಕೇಳಿ. ಕೆಳದವಡೆಯಾದರೆ ಕೆಳತುಟಿಗೆ ಹೋಗುವ ನರದ ಕಾಲುವೆ ಎಲ್ಲಿದೆ, ಇಂಪ್ಲಾಂಟಿನ ತುದಿಗೂ ಅದಕ್ಕೂ ಕನಿಷ್ಠ 2 ಮಿ.ಮೀ. ಅಂತರ ಉಳಿಯುತ್ತದೆಯೇ ಎಂದು ನೋಡಬೇಕು. ನಾಲಿಗೆಯ ಬದಿಯಲ್ಲಿ ಎಲುಬು ಒಳಕ್ಕೆ ಬಾಗಿರುತ್ತದೆ; ಎರಡನೆಯ ದವಡೆ ಹಲ್ಲಿನ ಬಳಿ ಈ ಬಾಗು ಹೆಚ್ಚು ಆಳವಾಗಿದ್ದರೆ ಡ್ರಿಲ್ ಅತ್ತ ತೂತು ಬೀಳಿಸಿ ರಕ್ತನಾಳವನ್ನು ತಾಗುವ ಅಪಾಯವಿದೆ. ಮೇಲ್ದವಡೆಯಾದರೆ ಸೈನಸ್ ಎಂಬ ಗಾಳಿಯ ಗೂಡು ಬೇರುಗಳಿಗೆ ಎಷ್ಟು ಹತ್ತಿರವಿದೆ ಎಂಬುದೇ ಮುಖ್ಯ. ಕೆಲವರಲ್ಲಿ ಅದು ಬೇರುಗಳ ನಡುವೆಯೇ ಇಳಿದಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಭಾಗ ಬೇರುಗಳ ನಡುವಿನ ಎಲುಬು. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಮುಂಭಾಗದ ಹಲ್ಲು ಕಿತ್ತರೆ ಉಳಿಯುವುದು ಒಂದು ಕಿರಿದಾದ ಕುಳಿ. ಇಂಪ್ಲಾಂಟ್ ಅದರಲ್ಲಿ ಹೆಚ್ಚುಕಡಿಮೆ ಹಿಡಿದು ನಿಲ್ಲುತ್ತದೆ. ದವಡೆ ಹಲ್ಲು ಕಿತ್ತರೆ ಉಳಿಯುವುದು ಸುಮಾರು 10 ಮಿ.ಮೀ. ಅಗಲದ ಕುಳಿ, ಅದರ ನಡುವೆ ಒಂದು ಎಲುಬಿನ ದಿಬ್ಬ. ವೈದ್ಯರು ಇದನ್ನು ಸೆಪ್ಟಮ್ ಎನ್ನುತ್ತಾರೆ. ಸಾಮಾನ್ಯ ಇಂಪ್ಲಾಂಟಿನ ವ್ಯಾಸ 4ರಿಂದ 6 ಮಿ.ಮೀ. ಎಂದುಕೊಂಡರೆ, ಅದು ಕುಳಿಯ ಗೋಡೆಗಳನ್ನು ಮುಟ್ಟುವುದೇ ಇಲ್ಲ. ಆಸರೆಯೆಲ್ಲ ಈ ದಿಬ್ಬದಿಂದಲೇ ಬರಬೇಕು. ದಿಬ್ಬ ದಪ್ಪವಾಗಿದ್ದು ಇಂಪ್ಲಾಂಟನ್ನು ಸುತ್ತಲೂ ಪೂರ್ತಿ ಆವರಿಸಿದರೆ ಅದು ಅತ್ಯುತ್ತಮ ಸ್ಥಿತಿ, ಎ ವರ್ಗ. ಒಂದು ಬದಿಯಲ್ಲಿ ಇಂಪ್ಲಾಂಟ್ ಹೊರಗೆ ಕಾಣುವಂತಿದ್ದರೂ ಗಟ್ಟಿಯಾಗಿ ನಿಲ್ಲುವಷ್ಟು ಎಲುಬಿದ್ದರೆ ಬಿ ವರ್ಗ. ಬೇರುಗಳು ಒಂದಕ್ಕೊಂದು ಅಂಟಿಕೊಂಡೋ ಸೋಂಕಿನಿಂದ ಕರಗಿಯೋ ದಿಬ್ಬವೇ ಉಳಿದಿರದಿದ್ದರೆ ಸಿ ವರ್ಗ. ಆಗ ಕುಳಿಯ ಹೊರಗೋಡೆಗಳನ್ನೇ ಹಿಡಿಯುವಂತಹ 7 ಮಿ.ಮೀ.ಗೂ ದಪ್ಪನೆಯ ಇಂಪ್ಲಾಂಟ್ ಬೇಕಾಗುತ್ತದೆ, ಇಲ್ಲವೇ ಕಾಯಬೇಕಾಗುತ್ತದೆ. ಸಿ ವರ್ಗದಲ್ಲಿ ಕಾಯುವುದೇ ಲೇಸೆಂಬುದು ನನ್ನ ಒಲವು: ಅಷ್ಟು ದಪ್ಪನೆಯ ಇಂಪ್ಲಾಂಟ್ ಕೆನ್ನೆ ಬದಿಯ ತೆಳು ಗೋಡೆಗೆ ಒತ್ತಿ ನಿಂತರೆ ಆ ಗೋಡೆ ಮುಂದೆ ಕರಗಬಹುದು, ಮತ್ತು ಒಂದು ವೇಳೆ ಅದು ವಿಫಲವಾದರೆ ಅಲ್ಲಿ ಉಳಿಯುವ ಗುಂಡಿಯನ್ನು ತುಂಬುವುದು ದೊಡ್ಡ ಕೆಲಸ.

ಹಲ್ಲಿನ ಬುಡದಲ್ಲಿ ಕೀವು ಒಸರುತ್ತಿದ್ದರೆ, ಮುಖ ಊದಿದ್ದರೆ, ಜ್ವರವಿದ್ದರೆ ಅದೇ ದಿನದ ಮಾತು ಬಿಡಿ. ಬೇರಿನ ತುದಿಯಲ್ಲಿ ಹಳೆಯ, ಸದ್ದಿಲ್ಲದ ಸೋಂಕಿನ ಗಂಟಿದ್ದರೆ ಅದನ್ನು ಚೆನ್ನಾಗಿ ಕೆರೆದು ತೆಗೆದು ಇಂಪ್ಲಾಂಟ್ ಹಾಕುವುದುಂಟು; ಎಷ್ಟು ಶುಚಿಯಾಯಿತೆಂಬುದು ವೈದ್ಯರ ಕೈ ಮತ್ತು ಕಣ್ಣಿಗೆ ಬಿಟ್ಟದ್ದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಎರಡು ಯೋಜನೆಗಳೂ ಅದರಲ್ಲಿ ಬರೆದಿರಲಿ: ಸ್ಥಿರವಾಗಿ ನಿಂತರೆ ಇಂಪ್ಲಾಂಟ್, ಇಲ್ಲದಿದ್ದರೆ ಕುಳಿಗೆ ಬೋನ್ ಗ್ರಾಫ್ಟ್ ತುಂಬಿ ಮುಚ್ಚಿ ಮೂರು ನಾಲ್ಕು ತಿಂಗಳ ನಂತರ ಇಂಪ್ಲಾಂಟ್. ಎರಡರ ಖರ್ಚನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಮೊದಲು ಹೇಳುವ ಮೊತ್ತದಲ್ಲಿ ಇಂಪ್ಲಾಂಟ್ ಮಾತ್ರ ಸೇರಿದ್ದು, ಸ್ಕ್ಯಾನ್, ಗ್ರಾಫ್ಟ್, ತಿರುಪಿಗೂ ಕ್ಯಾಪಿಗೂ ನಡುವಿನ ಕೊಂಡಿಯಾದ ಅಬಟ್ಮೆಂಟ್, ಕ್ಯಾಪ್ ಎಲ್ಲವೂ ಆಮೇಲೆ ಒಂದೊಂದಾಗಿ ಸೇರಿಕೊಳ್ಳುವುದೇ ಹಣದ ತಕರಾರಿಗೆ ಸಾಮಾನ್ಯ ಕಾರಣ. ಆರೋಗ್ಯ ವಿಮೆ ಅಪಘಾತದ ಹೊರತಾಗಿ ಹಲ್ಲಿನ ಚಿಕಿತ್ಸೆಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಖರ್ಚಿನ ಚಿಂತೆಯಿರುವವರು ಸಿಎಸ್‌ಎಂಟಿ ಬಳಿಯ ಸರಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಕಾಲೇಜಿನಲ್ಲಾಗಲಿ, ಗೋವಾದವರಾದರೆ ಬಾಂಬೋಳಿಯ ದಂತ ಕಾಲೇಜಿನಲ್ಲಾಗಲಿ ವಿಚಾರಿಸಬಹುದು. ಅಲ್ಲಿ ಸರದಿ ಕಾಯುವ ತಾಳ್ಮೆ ಬೇಕು.

ಆ ದಿನ

ಚೆನ್ನಾಗಿ ತಿಂಡಿ ತಿಂದು ಹೋಗಿ. ಚಿಕಿತ್ಸೆ ನಡೆಯುವುದು ಸ್ಥಳೀಯ ಅರಿವಳಿಕೆಯಲ್ಲೇ, ಉಪವಾಸದ ಅಗತ್ಯವಿಲ್ಲ. ಒಂದು ಗಂಟೆ ಮೊದಲು ನುಂಗಲು ಆಂಟಿಬಯೋಟಿಕ್ ಕೊಡುವುದು ರೂಢಿ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್. ಪೆನಿಸಿಲಿನ್ ಒಗ್ಗದವರು ಮೊದಲೇ ಹೇಳಬೇಕು.

ಹಲ್ಲನ್ನು ಇಕ್ಕಳದಲ್ಲಿ ಹಿಡಿದು ಅಲುಗಿಸಿ ಕೀಳುವ ಹಳೆಯ ಕ್ರಮ ಇಲ್ಲಿ ನಡೆಯದು, ಏಕೆಂದರೆ ಆ ಎಳೆದಾಟದಲ್ಲಿ ಮೊದಲು ಮುರಿಯುವುದು ನಮಗೆ ಬೇಕಾದ ದಿಬ್ಬ ಮತ್ತು ಕೆನ್ನೆ ಬದಿಯ ಗೋಡೆ. ಮೊದಲು ಹಲ್ಲಿನ ಮೇಲ್ಭಾಗವನ್ನು ಒಸಡಿನ ಮಟ್ಟಕ್ಕೆ ಕತ್ತರಿಸುತ್ತಾರೆ. ಬಳಿಕ ಬೇರುಗಳನ್ನು ಒಂದರಿಂದ ಒಂದು ಸೀಳಿ, ತೆಳುವಾದ ಅಲಗಿನ ಉಪಕರಣವನ್ನು ಬೇರಿಗೂ ಎಲುಬಿಗೂ ನಡುವೆ ತಳ್ಳುತ್ತ, ಒಂದೊಂದು ಬೇರನ್ನೂ ಬೇರೆ ಬೇರೆಯಾಗಿ ಎತ್ತುತ್ತಾರೆ. ನಿಮಗೆ ಕೇಳಿಸುವುದು ನೀರಿನ ಸದ್ದು, ಡ್ರಿಲ್ಲಿನ ಗುಯ್‌ಗುಡುವಿಕೆ, ಆಗೊಮ್ಮೆ ಈಗೊಮ್ಮೆ ಒಂದು ಚಟಕ್ ಶಬ್ದ. ಒತ್ತಡ ತಿಳಿಯುತ್ತದೆ, ನೋವು ತಿಳಿಯಬಾರದು. ತಿಳಿದರೆ ಎಡಗೈ ಎತ್ತಿ, ಇನ್ನಷ್ಟು ಅರಿವಳಿಕೆ ಕೊಡುತ್ತಾರೆ. ಈ ಹಂತಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಸರಪಡಿಸಬೇಡಿ.

ಕುಳಿಯನ್ನು ಕೆರೆದು ತೊಳೆದ ಮೇಲೆ ಡ್ರಿಲ್ ಇಳಿಯುವುದು ದಿಬ್ಬದ ನೆತ್ತಿಯ ಮೇಲೆ. ಹೆಂಚಿನ ಮಾಡಿನ ತುದಿಯ ಮೇಲೆ ಕಾಲಿಟ್ಟಂತೆ, ಡ್ರಿಲ್ಲಿನ ಮೊನೆ ಅಲ್ಲಿ ನಿಲ್ಲದೆ ಒಂದು ಬೇರಿನ ಗುಂಡಿಯತ್ತ ಜಾರುತ್ತದೆ. ಇದನ್ನು ತಪ್ಪಿಸಲೆಂದೇ ಕೆಲವು ವೈದ್ಯರು ಬೇರುಗಳನ್ನು ಕೀಳುವ ಮೊದಲೇ, ಅವುಗಳ ಆಧಾರದಲ್ಲಿ ನಡುವಿನಿಂದ ಡ್ರಿಲ್ ಇಳಿಸಿ ಆಮೇಲೆ ಬೇರುಗಳನ್ನು ತೆಗೆಯುತ್ತಾರೆ. ನನಗೆ ಈ ಕ್ರಮ ಹೆಚ್ಚು ಹಿಡಿಸುತ್ತದೆ. ಇಂಪ್ಲಾಂಟ್ ಯಾವುದೋ ಒಂದು ಬೇರಿನ ಗುಂಡಿಯಲ್ಲಿ ಓರೆಯಾಗಿ ಕುಳಿತರೆ ಕ್ಯಾಪ್ ಒಂದು ಬದಿಗೆ ಚಾಚಿಕೊಂಡು, ಅದರಡಿ ಅನ್ನ ಸಿಕ್ಕಿಕೊಂಡು, ತಿರುಪಿನ ಮೇಲೆ ಓರೆ ಒತ್ತಡ ಬಿದ್ದು ವರ್ಷಗಳ ಕಾಲ ತೊಂದರೆ ಕೊಡುತ್ತದೆ.

ಇಂಪ್ಲಾಂಟನ್ನು ತಿರುಗಿಸಿ ಇಳಿಸುವಾಗ ಯಂತ್ರ ಅದರ ಬಿಗಿತವನ್ನು ತೋರಿಸುತ್ತದೆ. ಸುಮಾರು 35 ನ್ಯೂಟನ್ ಸೆಂಟಿಮೀಟರ್ ಬಂದರೆ ನೆಮ್ಮದಿ. ಬಿಗಿತವೇ ಬಾರದೆ ಇಂಪ್ಲಾಂಟ್ ತನ್ನಷ್ಟಕ್ಕೆ ತಿರುಗುತ್ತಿದ್ದರೆ ಅದನ್ನು ಹೊರತೆಗೆದು ಎರಡನೆಯ ಯೋಜನೆಗೆ ಹೋಗುವುದೇ ಸರಿಯಾದ ವೈದ್ಯಕೀಯ, ಮತ್ತು ಹಾಗೆ ನಿಲ್ಲಿಸಿದ ವೈದ್ಯರು ನಿಮ್ಮ ಹಣವನ್ನೂ ಎಲುಬನ್ನೂ ಉಳಿಸಿದ್ದಾರೆ. ಸರಿಯಾಗಿ ನಿಂತರೆ ಸುತ್ತಲಿನ ಸಂದಿಗೆ ಗ್ರಾಫ್ಟಿನ ಪುಡಿ ತುಂಬಿ, ಅಗಲವಾದ ಹೀಲಿಂಗ್ ಕ್ಯಾಪ್ ಕೂರಿಸಿ, ಒಂದೆರಡು ಹೊಲಿಗೆ ಹಾಕಿ, ಎಕ್ಸ್-ರೇ ತೆಗೆದು ಕಳುಹಿಸುತ್ತಾರೆ. ಗ್ರಾಫ್ಟ್ ಹಸುವಿನ ಅಥವಾ ಹಂದಿಯ ಎಲುಬಿನಿಂದ ಮಾಡಿದ್ದಾಗಿರಬಹುದು. ಆಚಾರದ ಕಾರಣಕ್ಕೆ ಬೇಡವೆನ್ನುವವರು ಮೊದಲೇ ತಿಳಿಸಿದರೆ ಕೃತಕವಾಗಿ ತಯಾರಿಸಿದ್ದು ಸಿಗುತ್ತದೆ.

ಮನೆಗೆ ಬಂದ ಮೇಲೆ

ಮೊದಲ ರಾತ್ರಿ ಗಮನಿಸಬೇಕಾದ ಎರಡು ಸಂಗತಿಗಳಿವೆ, ಉಳಿದದ್ದೆಲ್ಲ ಅವುಗಳ ಮುಂದೆ ಸಣ್ಣದು. ಕೆಳದವಡೆಯ ಚಿಕಿತ್ಸೆಯಾಗಿದ್ದರೆ ತುಟಿಯ ಜೋಮು ನಾಲ್ಕೈದು ಗಂಟೆಯಲ್ಲಿ ಇಳಿಯಬೇಕು. ಆ ಹೊತ್ತು ಮೀರಿಯೂ ಕೆಳತುಟಿ ಮತ್ತು ಗದ್ದ ಮರಗಟ್ಟಿಯೇ ಇದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರಿಗೆ ಫೋನ್ ಮಾಡಿ; ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಮೊದಲ ಒಂದೂವರೆ ದಿನದೊಳಗೆ ತೆಗೆದಾಗ ನರ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು. ಎರಡನೆಯದು, ನಾಲಿಗೆಯ ಕೆಳಗೆ ಊತ ಏರುತ್ತ ನಾಲಿಗೆ ಮೇಲಕ್ಕೆ ತಳ್ಳಲ್ಪಡುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಅದು ಒಳಗೆ ರಕ್ತಸ್ರಾವವಾಗುತ್ತಿರುವ ಲಕ್ಷಣ. ಕ್ಲಿನಿಕ್ಕಿಗಲ್ಲ, ನೇರವಾಗಿ ತುರ್ತು ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ, ಆದರೆ ತಿಳಿದಿರಬೇಕು.

ಮೇಲ್ದವಡೆಯವರು ಎರಡು ವಾರ ಮೂಗನ್ನು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಎಲ್ಲರೂ ಮೊದಲ ದಿನ ಬಾಯಿ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾದಲ್ಲಿ ಎಳನೀರು ಹೀರುವುದು ಬಿಡಬೇಕು. ಮರುದಿನದಿಂದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಬಾಯಲ್ಲಿ ತುಂಬಿ ಮೆಲ್ಲಗೆ ಹೊರಳಿಸಿದರೆ ಸಾಕು. ಆರಿದ ಕುಚ್ಚಲಕ್ಕಿ ಗಂಜಿ, ಮೊಸರನ್ನ, ಮೆತ್ತಗೆ ಬೇಯಿಸಿದ ಬೇಳೆ ಇವು ಮೊದಲ ವಾರಕ್ಕೆ ಹೇಳಿ ಮಾಡಿಸಿದ ಊಟ. ಕಡಕ್ ರೊಟ್ಟಿ, ಚಕ್ಕುಲಿ, ಎಳ್ಳು ಹಾಕಿದ ತಿನಿಸು ಬೇಡ, ಎಳ್ಳಿನ ಕಾಳು ಹೀಲಿಂಗ್ ಕ್ಯಾಪಿನ ಸುತ್ತ ಹೊಕ್ಕರೆ ತೆಗೆಯುವುದು ತ್ರಾಸ. ಎರಡು ಮೂರು ದಿನ ದಟ್ಟಣೆಯ ಹೊತ್ತಿನ ಲೋಕಲ್ ಬೇಡ, ಬಾಗಿಲ ಬಳಿ ಒಂದು ಮೊಣಕೈ ತಾಗಿದರೂ ಸಾಕು. ಚೌತಿಗೆ ಮತ್ಸ್ಯಗಂಧದಲ್ಲಿ ಊರಿಗೆ ಹೊರಡುವ ಟಿಕೆಟ್ ಕೈಯಲ್ಲಿದ್ದರೆ ಚಿಕಿತ್ಸೆಯನ್ನು ಅದಕ್ಕಿಂತ ಎರಡು ವಾರ ಮೊದಲಾದರೂ ಮುಗಿಸಿ, ಇಲ್ಲವೇ ಹಬ್ಬ ಮುಗಿಸಿ ಬಂದ ಮೇಲೆ ಇಟ್ಟುಕೊಳ್ಳಿ. ಹೊಲಿಗೆ ತೆಗೆಯುವ ದಿನ ನೀವು ಕುಂದಾಪುರದಲ್ಲಿ, ವೈದ್ಯರು ಠಾಣೆಯಲ್ಲಿ ಎಂದಾಗಬಾರದು.

ಜನ ಎಡವುವುದು ಮೂರು ನಾಲ್ಕನೆಯ ವಾರದಲ್ಲಿ. ನೋವು ಪೂರ್ತಿ ಹೋಗಿರುತ್ತದೆ, ಒಸಡು ಗುಲಾಬಿಯಾಗಿರುತ್ತದೆ, ಆ ಬದಿಯಲ್ಲೇ ಶೇಂಗಾ ಅಗಿಯುವ ಧೈರ್ಯ ಬರುತ್ತದೆ. ಆದರೆ ತಿರುಪನ್ನು ಮೊದಲ ದಿನ ಹಿಡಿದಿದ್ದ ಹಳೆಯ ಎಲುಬು ಸವೆದು, ಹೊಸ ಎಲುಬು ಇನ್ನೂ ಗಟ್ಟಿಯಾಗದ ಹೊತ್ತು ಅದೇ. ಇಡೀ ಅವಧಿಯಲ್ಲಿ ಇಂಪ್ಲಾಂಟ್ ಅತ್ಯಂತ ದುರ್ಬಲವಾಗಿರುವುದು ಆಗ. ಕ್ಯಾಪ್ ಬರುವವರೆಗೂ ಇನ್ನೊಂದು ಬದಿಯಲ್ಲೇ ಅಗಿಯಿರಿ. ಹೀಲಿಂಗ್ ಕ್ಯಾಪನ್ನು ಮೃದು ಬ್ರಷ್ಷಿನಲ್ಲಿ ದಿನಕ್ಕೆರಡು ಬಾರಿ ಉಜ್ಜಬೇಕು, ನಾಲಿಗೆಯಿಂದ ತಳ್ಳಿ ನೋಡುವ ಚಟ ಬೇಡ.

ಕ್ಯಾಪಿನ ಹೊತ್ತಿಗೆ ಇಂಪ್ಲಾಂಟ್ ಬೆಸೆದಿದೆಯೇ ಎಂದು ಅಳೆದು ನೋಡಲು ಕೇಳಿ; ಐಎಸ್‌ಕ್ಯೂ ಎಂಬ ಅಂಕಿ 70ರ ಆಸುಪಾಸಿನಲ್ಲಿದ್ದರೆ ಮುಂದುವರಿಯಬಹುದು. ಗಮ್ಮಿನಿಂದ ಅಂಟಿಸುವುದಕ್ಕಿಂತ ತಿರುಪಿನಿಂದ ಬಿಗಿಯುವ ಕ್ಯಾಪನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಮುಂದೆ ಬಿಚ್ಚಿ ಶುಚಿಗೊಳಿಸಬಹುದು, ಒಸಡಿನಡಿ ಗಮ್ಮು ಉಳಿದು ಸೋಂಕಾಗುವ ಭಯವೂ ಇಲ್ಲ. ರಾತ್ರಿ ಹಲ್ಲು ಕಡಿಯುವವರು ನೈಟ್ ಗಾರ್ಡ್ ಮಾಡಿಸಿಕೊಳ್ಳಲೇಬೇಕು.

ಇಂಪ್ಲಾಂಟಿನ ಡಬ್ಬಿಯ ಮೇಲಿರುವ ಸ್ಟಿಕ್ಕರನ್ನು, ಅಂದರೆ ಕಂಪನಿಯ ಹೆಸರು, ಮಾದರಿ, ಅಳತೆ, ಲಾಟ್ ಸಂಖ್ಯೆಯಿರುವ ಚೀಟಿಯನ್ನು, ಕೇಳಿ ಪಡೆದು ಅದರ ಫೋಟೊ ತೆಗೆದು ಮಕ್ಕಳ ಫೋನಿಗೂ ಕಳುಹಿಸಿಡಿ. ಒಂದು ಕಂಪನಿಯ ಸ್ಕ್ರೂ-ಡ್ರೈವರ್ ಇನ್ನೊಂದರ ತಿರುಪಿಗೆ ಹೊಂದಬೇಕೆಂದಿಲ್ಲ. ನಿವೃತ್ತಿಯಾಗಿ ಹುಬ್ಬಳ್ಳಿಗೋ ಉಡುಪಿಗೋ ಹೋಗಿ ನೆಲೆಸಿದ ಮೇಲೆ ಕ್ಯಾಪ್ ಸಡಿಲವಾದರೆ, ಅಲ್ಲಿನ ವೈದ್ಯರಿಗೆ ಈ ಚೀಟಿಯಿಲ್ಲದೆ ಎಕ್ಸ್-ರೇ ನೋಡಿ ಊಹಿಸುವುದೊಂದೇ ದಾರಿ. ಮುಂದೆ ಯಾವತ್ತಾದರೂ ಕ್ಯಾಪ್ ಅಲುಗಿದಂತೆನಿಸಿದರೆ ಗಾಬರಿಯಾಗದೆ, ಆ ಬದಿಯಲ್ಲಿ ಅಗಿಯುವುದನ್ನು ನಿಲ್ಲಿಸಿ ತೋರಿಸಿ: ಹೆಚ್ಚಿನ ಬಾರಿ ಒಳಗಿನ ಸ್ಕ್ರೂ ಸಡಿಲವಾಗಿರುತ್ತದೆ, ಬಿಗಿದರೆ ಸರಿಹೋಗುತ್ತದೆ. ಇಂಪ್ಲಾಂಟೇ ಅಲುಗುತ್ತಿದ್ದರೆ ಅದು ಬೆಸೆದಿಲ್ಲವೆಂದೇ ಅರ್ಥ, ಅದನ್ನು ತೆಗೆಯಬೇಕು. ಒಸಡಿನಿಂದ ರಕ್ತ ಬರುತ್ತಿದ್ದರೆ, ಒತ್ತಿದಾಗ ಕೀವು ಕಂಡರೆ ನೋವಿಲ್ಲವೆಂದು ಮುಂದೂಡಬೇಡಿ, ಇಂಪ್ಲಾಂಟಿನ ಸುತ್ತಲಿನ ಸೋಂಕು ನೋವಿಲ್ಲದೆಯೇ ಎಲುಬನ್ನು ತಿನ್ನುತ್ತದೆ. ಆರು ತಿಂಗಳಿಗೊಮ್ಮೆ ಶುಚಿಗೊಳಿಸುವಿಕೆ, ವರ್ಷಕ್ಕೊಮ್ಮೆ ಎಕ್ಸ್-ರೇ ತಪ್ಪಿಸದಿದ್ದರೆ ಅದು ಮೊದಲೇ ಸಿಕ್ಕಿಬೀಳುತ್ತದೆ.